ಹಿಂದೆ ಕೂತವಳು

ಮಿಡಿಗೇಶಿಯಿಂದ ಮೂರು ಕಿಲೋಮೀಟರ್ ಒಳಗಿನ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ರಾಜಲಕ್ಷ್ಮಮ್ಮ ಹನ್ನೊಂದು ವರ್ಷ ಬಿಸಿಯೂಟದ ಮುಖ್ಯ ಅಡುಗೆಯವಳಾಗಿದ್ದಳು. ನೂರಿಪ್ಪತ್ತು ಮಕ್ಕಳ ಅನ್ನ ಸಾರು ದಿನಾ ಅವಳ ಕೈಯಿಂದಲೇ ಇಳಿಯುತ್ತಿತ್ತು. ಆದರೆ ಕೈಗಿಂತ ಅವಳ ಮೂಗು ಹೆಸರುವಾಸಿ. ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಲ್ಲಿಂದಲೇ, "ಬೇಳೆ ತಳ ಹಿಡೀತಾ ಐತೆ, ಉರಿ ಇಳ್ಸು" ಎಂದು ಒಳಗಿನವರಿಗೆ ಕೂಗುತ್ತಿದ್ದಳು. ಅಕ್ಕಿ ಮೂಟೆ ಬಂದರೆ ಬಾಯಿ ಬಿಚ್ಚಿ ಒಂದು ಹಿಡಿ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಎಲ್ಲೋ ಮಳೆಗೆ ನೆಂದು ಮತ್ತೆ ಒಣಗಿದ ಅಕ್ಕಿಯಾದರೆ ತಂದವನು ಎಷ್ಟು ವಾದಿಸಿದರೂ ಗಾಡಿಯಿಂದ ಇಳಿಸಗೊಡುತ್ತಿರಲಿಲ್ಲ. ಹೆಡ್‌ಮಾಸ್ಟರ್ ವೆಂಕಟರಾಮಯ್ಯ ಅವಳು ತಲೆ ಆಡಿಸಿದ ಮೇಲೆಯೇ ಮಕ್ಕಳಿಗೆ ಗಂಟೆ ಹೊಡೆಸುತ್ತಿದ್ದರು.

ಅವಳ ಗಂಡ ತಿಮ್ಮರಾಜು ತಿರುಮಣಿ ಹತ್ತಿರದ ಸೋಲಾರ್ ಹೊಲಗಳಲ್ಲಿ ಗಾಜಿನ ಹಲಗೆ ತೊಳೆಯುವವರ ಮೇಸ್ತ್ರಿ. ದಿನಾ ಮೋಟಾರ್ ಸೈಕಲ್ ಮೇಲೆ ಪಾವಗಡ ದಾಟಿ ಹೋಗಿ ಬರುತ್ತಿದ್ದ; ಹೋಗಿ ಬರುವುದೆಲ್ಲ ಸೇರಿದರೆ ನೂರು ಕಿಲೋಮೀಟರ್‌ಗೂ ಮೇಲೆ. ಅವನ ಕಂಪನಿಯಲ್ಲಿ ಹೆಲ್ಮೆಟ್ ಇಲ್ಲದವನನ್ನು ಗೇಟಿನ ಒಳಗೆ ಬಿಡುವುದಿಲ್ಲ. ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತು ಸುರಕ್ಷತೆಯ ಪ್ರತಿಜ್ಞೆ ಮಾಡಬೇಕು. ಆ ಪ್ರತಿಜ್ಞೆಯನ್ನು ಮುಂದೆ ನಿಂತು ಹೇಳಿಕೊಡುತ್ತಿದ್ದವನೇ ತಿಮ್ಮರಾಜು. ಗಂಟಲು ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಒಂದು ವರ್ಷ ಅವನಿಗೆ ಬಹುಮಾನವಾಗಿ ಇನ್ನೊಂದು ಹೆಲ್ಮೆಟ್ ಕೊಟ್ಟರು. ಕೆಂಪು ಬಣ್ಣದ್ದು. ಅದನ್ನು ಪ್ಲಾಸ್ಟಿಕ್ ಕವರಿನ ಸಮೇತ ಬೀರುವಿನ ಮೇಲೆ ಇಟ್ಟ.

"ಕೊರಟಗೆರೆಗೆ ಹೋಗೋವಾಗ ನಾನು ಅದನ್ನ ಹಾಕ್ಕಳ್ಲಾ?" ಎಂದು ರಾಜಲಕ್ಷ್ಮಮ್ಮ ಒಂದು ಸಲ ಕೇಳಿದ್ದಳು.

"ಅದು ಬಹುಮಾನ ಕಣೆ. ಗೀಚಿ ಗೀಚಿ ತಂದಿಟ್ರೆ? ಹಿಂದೆ ಕೂತೋರಿಗೆ ಯಾತಕ್ಕೆ ಹೆಲ್ಮೆಟ್ಟು? ಓಡ್ಸೋನು ನಾನು ತಾನೆ?"

ಗಾಡಿಯ ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿಯನ್ನು ಅವನು ಕೊಂಡ ತಿಂಗಳಲ್ಲೇ ಬಿಚ್ಚಿಸಿದ್ದ. ಕಂಬಿ ಇದ್ದರೆ ಹಾಲಿನವನ ಗಾಡಿ ಥರ ಕಾಣುತ್ತದಂತೆ. ಅವನ ಹೆಗಲು ಹಿಡಿದರೆ, "ಎಳೀಬ್ಯಾಡ, ಬ್ಯಾಲೆನ್ಸ್ ತಪ್ತದೆ" ಎನ್ನುತ್ತಿದ್ದ. ಹಾಗಾಗಿ ರಾಜಲಕ್ಷ್ಮಮ್ಮ ಒಂದೇ ಕಡೆಗೆ ಕಾಲು ಇಳಿಬಿಟ್ಟು, ಸೀಟಿನ ಅಂಚನ್ನು ಎಡಗೈಯಲ್ಲಿ ಒತ್ತಿ ಹಿಡಿದು ಕೂರುವುದನ್ನು ಇಪ್ಪತ್ತು ವರ್ಷದಿಂದ ರೂಢಿ ಮಾಡಿಕೊಂಡಿದ್ದಳು.

ಮೂರು ವರ್ಷದ ಹಿಂದೆ, ಮಾಗಿಯ ಒಂದು ಭಾನುವಾರ, ಇಬ್ಬರೂ ಕೊರಟಗೆರೆಯಲ್ಲಿ ತಿಮ್ಮರಾಜುವಿನ ತಂಗಿಯ ಮೊಮ್ಮಗುವಿಗೆ ಹೆಸರಿಡುವುದಕ್ಕೆ ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸಿ ಹೊರಟಾಗ ನಾದಿನಿ ಒಂದು ಸ್ಟೀಲ್ ಡಬ್ಬಿಯ ತುಂಬ ಹೋಳಿಗೆ ಕೊಟ್ಟಳು. ಮನೆಯಲ್ಲಿ ಪರೀಕ್ಷೆಗೆ ಓದುತ್ತಾ ಕೂತಿದ್ದ ಮಗಳು ಹರ್ಷಿತಾಳಿಗೆಂದು. ಡಬ್ಬಿಯನ್ನೂ ತಾಂಬೂಲದ ಚೀಲವನ್ನೂ ಮಡಿಲಲ್ಲಿಟ್ಟುಕೊಂಡು ರಾಜಲಕ್ಷ್ಮಮ್ಮ ಗಾಡಿ ಹತ್ತಿದಳು. ಈಗ ಎರಡೂ ಕೈ ಮಡಿಲಿನ ಮೇಲೆಯೇ ಇದ್ದವು. ಮಧುಗಿರಿ ದಾಟಿದರು. ತಿಮ್ಮರಾಜು ಹೆಲ್ಮೆಟ್ಟಿನ ಒಳಗಿನಿಂದ ಮಾತಾಡುತ್ತಲೇ ಇದ್ದ. ಯಾವನೋ ಕೆಲಸಗಾರ ಎದುರು ಮಾತಾಡಿದ್ದು, ತಾನು ಅವನಿಗೆ ಏನು ಹೇಳಿದೆ ಎನ್ನುವುದು, ಅವನು ಹೇಗೆ ಬಾಯಿ ಮುಚ್ಚಿಕೊಂಡ ಎನ್ನುವುದು. ಅರ್ಧ ಗಾಳಿಗೆ ಹೋಗುತ್ತಿತ್ತು, ಅರ್ಧ ಅವಳಿಗೆ ಕೇಳುತ್ತಿತ್ತು. ಅವಳು "ಹ್ಞೂಂ" ಎನ್ನುತ್ತಿದ್ದಳು.

ಮಿಡಿಗೇಶಿಗೆ ಇನ್ನು ಐದಾರು ಕಿಲೋಮೀಟರ್ ಇರುವಾಗ ಒಂದು ಹಳ್ಳಿಯ ಮುಂದೆ ಹೊಸ ಹಂಪು ಹಾಕಿದ್ದರು. ಹಿಂದಿನ ವಾರ ಅಲ್ಲಿ ಯಾರದೋ ಎಮ್ಮೆಗೆ ಲಾರಿ ಗುದ್ದಿತ್ತಂತೆ. ಊರವರೇ ಟಾರು ಜಲ್ಲಿ ಸುರಿದು ಗುಡ್ಡೆ ಮಾಡಿದ್ದರು. ಬಿಳಿ ಪಟ್ಟೆ ಇರಲಿಲ್ಲ, ಬೋರ್ಡು ಇರಲಿಲ್ಲ. ಸಾಲದ್ದಕ್ಕೆ ಹುಣಸೆ ಮರದ ನೆರಳು ರಸ್ತೆಯ ಮೇಲೆ ಬಿದ್ದಿತ್ತು. ತಿಮ್ಮರಾಜು ಬ್ರೇಕ್ ಮುಟ್ಟಲೇ ಇಲ್ಲ.

ಅಲ್ಲಿಂದ ಮುಂದಿನದು ಅವಳಿಗೆ ಗೊತ್ತಿಲ್ಲ. ಕಾಲಿನ ಕೆಳಗೆ ಏನೂ ಇಲ್ಲದಂತಾಗಿ ಆಕಾಶ ಕಂಡದ್ದಷ್ಟೇ ನೆನಪು. ಉಳಿದದ್ದೆಲ್ಲ ಗಂಡ ಹೇಳಿ ಹೇಳಿ ತಿಳಿದದ್ದು. ಹಂಪು ಹಾರಿದ ಮೇಲೂ ಅವನು ಮಾತು ನಿಲ್ಲಿಸಿರಲಿಲ್ಲ. "ನಾನು ಹೇಳಿದ್ದು ಸರಿ ತಾನೆ?" ಎಂದು ಕೇಳಿದ. ಹಿಂದಿನಿಂದ ಉತ್ತರ ಬರಲಿಲ್ಲ. ತಾನೇ "ಸರಿ" ಅಂದುಕೊಂಡು ಮುಂದುವರಿಸಿದ. ಮಿಡಿಗೇಶಿ ಹತ್ತಿರದ ಬಂಕಿನಲ್ಲಿ ಪೆಟ್ರೋಲ್ ಹಾಕಿಸಲು ಗಾಡಿ ನಿಲ್ಲಿಸಿ, "ಇಳಿಯೇ" ಎಂದ. ಮತ್ತೊಂದು ಸಲ, "ಇಳಿಯೇ, ಕೇಳ್ಸಲ್ವ?" ಎಂದ. ಬಂಕಿನವನು ಪೈಪು ಕೈಯಲ್ಲಿ ಹಿಡಿದು, "ಯಾರಿಗಣ್ಣ ಹೇಳ್ತಾ ಇದೀಯ?" ಎಂದು ಕೇಳಿದ.

ಅಷ್ಟು ಹೊತ್ತಿಗೆ ಅವಳು ರಸ್ತೆಯಲ್ಲಿ ಇರಲಿಲ್ಲ. ಶಿರಾದ ಕಲಂದರ್ ಮತ್ತು ಅವನ ಹೆಂಡತಿ ರಹೀಮುನ್ನೀಸಾ ಲಗೇಜು ಆಟೋದಲ್ಲಿ ಹಳ್ಳಿ ಹಳ್ಳಿ ಸುತ್ತಿ ಟವೆಲು, ಬೆಡ್‌ಶೀಟು ಮಾರುವವರು. ಎದುರಿನಿಂದ ಬರುತ್ತಿದ್ದ ಅವರೇ ಅವಳನ್ನು ನೋಡಿ ಆಟೋ ನಿಲ್ಲಿಸಿದ್ದು. ಊರವರು ಸುತ್ತ ನಿಂತು, ಪೊಲೀಸ್ ಬರಲಿ, ಮುಟ್ಟಬೇಡಿ ಎನ್ನುತ್ತಿದ್ದರಂತೆ. ರಹೀಮುನ್ನೀಸಾ ಯಾರ ಮಾತನ್ನೂ ಕೇಳಲಿಲ್ಲ. ಮಾರಲು ತಂದಿದ್ದ ಹೊಸ ಟವೆಲುಗಳಲ್ಲಿ ನಾಲ್ಕನ್ನು ತಲೆಯ ಹಿಂಭಾಗಕ್ಕೆ ಒತ್ತಿ, ಬೆಡ್‌ಶೀಟುಗಳ ಮೂಟೆಯ ಮೇಲೆ ಮಲಗಿಸಿ, ಮಧುಗಿರಿ ಆಸ್ಪತ್ರೆಯವರೆಗೂ ಆ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡೇ ಬಂದಳು. ಅವಳನ್ನು ಕಾಣುವ ಮೊದಲು ದಾರಿಯಲ್ಲಿ ಎದುರಿಗೆ ಬಂದ ತಿಮ್ಮರಾಜುವಿನ ಗಾಡಿಯನ್ನು ಅವರು ದಾಟಿಯೇ ಬಂದಿರಬೇಕು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಹಂಪಿನ ಹತ್ತಿರ ತಿಮ್ಮರಾಜುವಿಗೆ ಸಿಕ್ಕಿದ್ದು ಒಂದಿಷ್ಟು ರಕ್ತ, ಚೆಲ್ಲಿದ ಎಲೆ ಅಡಿಕೆ, ಡಬ್ಬಿ. ಹೋಳಿಗೆಯನ್ನು ನಾಯಿ ತಿನ್ನುತ್ತಿತ್ತು. ಡಬ್ಬಿ ಎತ್ತಿಕೊಂಡು ಮತ್ತೆ ಮಧುಗಿರಿ ಕಡೆಗೆ ಗಾಡಿ ತಿರುಗಿಸಿದ.

ಹನ್ನೆರಡು ಹೊಲಿಗೆ ಬಿದ್ದವು. ತುಮಕೂರಿಗೆ ಕಳಿಸಿ ತಲೆ ಸ್ಕ್ಯಾನ್ ಮಾಡಿಸಿದರು. ಒಳಗೆ ಸ್ವಲ್ಪ ರಕ್ತ ಕಟ್ಟಿದೆ, ಆಪರೇಷನ್ ಬೇಡ, ತಾನೇ ಕರಗುತ್ತದೆ ಎಂದರು. ಹೊಲಿಗೆ ಬಿಚ್ಚಿದ ಡಾಕ್ಟರ್ ತಿಮ್ಮರಾಜುವಿನ ಕೈಯಲ್ಲಿದ್ದ ಹೆಲ್ಮೆಟ್ ನೋಡಿ, "ಇದು ಇವರ ತಲೆ ಮೇಲಿದ್ದಿದ್ರೆ ಎದ್ದು ಸೀರೆ ಕೊಡವಿಕೊಂಡು ಮನೆಗೆ ಹೋಗ್ತಿದ್ರು" ಎಂದರು. "ಆಯ್ತು ಸಾರ್" ಎಂದ ತಿಮ್ಮರಾಜು, ಬೇರೆ ಯಾರ ಹೆಂಡತಿಯ ಬಗ್ಗೆಯೋ ಹೇಳುತ್ತಿದ್ದಾರೆ ಎಂಬಂತೆ.

ಮನೆಗೆ ಬಂದ ನಾಲ್ಕನೆಯ ದಿನ ಹರ್ಷಿತಾ ಕಾಫಿ ತಂದುಕೊಟ್ಟಳು. ಬಿಸಿ ಇತ್ತು, ಸಿಹಿ ಇತ್ತು, ಕಾಫಿ ಇರಲಿಲ್ಲ. ನೆಗಡಿ ಇರಬೇಕು ಅಂದುಕೊಂಡಳು. ಸಂಜೆ ಮಗಳು ದೇವರ ಮುಂದೆ ಊದುಬತ್ತಿ ಹಚ್ಚಿದಾಗ ಹೊಗೆ ಕಾಣಿಸಿತು, ಅಷ್ಟೇ. ಮಾರನೆಯ ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದಳು. ಬೆಳ್ಳುಳ್ಳಿ ಜಜ್ಜಿ ಹಿಡಿದಳು. ಸೀಮೆಎಣ್ಣೆಯ ಕ್ಯಾನಿನ ಮುಚ್ಚಳ ತೆಗೆದು ಬಗ್ಗಿದಳು. ಎಲ್ಲವೂ ಒಂದೇ, ನೀರಿನ ಹಾಗೆ.

"ನಂಗೆ ವಾಸ್ನೆನೇ ತಿಳೀತಿಲ್ಲ ಕಣ್ರೀ" ಎಂದು ಅವತ್ತು ಗಂಡನಿಗೆ ಹೇಳಿದಳು.

ತಿಮ್ಮರಾಜು ಶೂ ಬಿಚ್ಚುತ್ತಿದ್ದ. "ಒಳ್ಳೇದಾಯ್ತು ಬುಡು. ಇನ್ಮೇಲೆ ಸಾಕ್ಸು ಮನೆ ಒಳಗೇ ಬಿಚ್ಬೋದು" ಎಂದು ನಕ್ಕ. ಅವಳು ನಗದಿದ್ದುದನ್ನು ನೋಡಿ, "ಸ್ಕ್ಯಾನಲ್ಲಿ ಎಲ್ಲಾ ಸರಿಯಾಗೈತೆ ಅಂದವ್ರೆ. ಸುಮ್ನೆ ಇಲ್ಲದ್ದು ಹಚ್ಕಬ್ಯಾಡ" ಎಂದ.

ಅವಳೇ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಮೂಗಿನ ಡಾಕ್ಟರಿಗೆ ತೋರಿಸಿದಳು. ತಲೆಯ ಹಿಂಭಾಗ ನೆಲಕ್ಕೆ ಬಡಿದಾಗ ಒಳಗೆ ಮಿದುಳು ಜಗ್ಗುತ್ತದೆ, ಮೂಗಿನಿಂದ ಮೇಲಕ್ಕೆ ಹೋಗುವ ನರದ ಎಳೆಗಳು ಕೂದಲಿಗಿಂತ ಸಣ್ಣವು, ಹರಿದುಹೋಗಿವೆ ಎಂದು ಅವರು ವಿವರಿಸಿದರು. ಕೆಲವರಿಗೆ ವರ್ಷದೊಳಗೆ ತಿರುಗಿ ಬರುತ್ತದೆ ಎಂದರು. ಬರದಿದ್ದರೆ ಎಂದು ಹರ್ಷಿತಾ ಕೇಳಿದಳು. ಡಾಕ್ಟರು ಚೀಟಿ ಬರೆಯುತ್ತಿದ್ದ ಕೈ ನಿಲ್ಲಿಸದೆ, "ಬರದಿದ್ರೆ ಇಲ್ಲ" ಎಂದರು.

ಒಂದು ತಿಂಗಳ ಮೇಲೆ ರಾಜಲಕ್ಷ್ಮಮ್ಮ ಶಾಲೆಗೆ ಹೋದಳು. ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷದ ಲೆಕ್ಕ ಕೈಯಲ್ಲಿತ್ತು; ಎಷ್ಟು ಅಕ್ಕಿಗೆ ಎಷ್ಟು ನೀರು, ಎಷ್ಟು ಹೊತ್ತು ಉರಿ. ಒಗ್ಗರಣೆಯನ್ನು ಬಣ್ಣ ನೋಡಿ ಇಳಿಸುತ್ತಿದ್ದಳು. ಹಾಲು ಕೆಟ್ಟಿದೆಯೇ ಎಂದು ಗೊತ್ತಾಗದಿದ್ದರೆ, "ನೀನೊಂದ್ಸಲ ನೋಡು, ನಂಗೆ ನೆಗಡಿ" ಎಂದು ಸಹಾಯಕಿ ಪೆದ್ದಮ್ಮನಿಗೆ ಕೊಡುತ್ತಿದ್ದಳು. ಪೆದ್ದಮ್ಮ ಆಂಧ್ರದ ಗಡಿ ಕಡೆಯವಳು, ಇವಳಿಗಿಂತ ಹತ್ತು ವರ್ಷ ದೊಡ್ಡವಳು. ಎರಡು ತಿಂಗಳು ಪಾತ್ರೆ ಮೂಸಿ ಮೂಸಿ ಕೊಟ್ಟಳು.

"ಏಮ್ಮಾ, ಇದೇನು ನೆಗಡಿ ನಿಂದು, ಬೇಸಿಗೆ ಬಂದ್ರೂ ಹೋಗಲ್ಲ?" ಎಂದಳು ಒಂದು ದಿನ. ರಾಜಲಕ್ಷ್ಮಮ್ಮ ತಲೆ ತಗ್ಗಿಸಿ ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ನೀರು ಬರುತ್ತಿತ್ತು. ಈರುಳ್ಳಿಯ ಘಾಟು ಕಣ್ಣಿಗೆ ಮಾತ್ರ ಇನ್ನೂ ತಿಳಿಯುತ್ತಿತ್ತು.

ಮುಂದಿನ ವಾರ ಪೆದ್ದಮ್ಮ ಬರುವುದು ತಡವಾಯಿತು. ಅಡುಗೆಮನೆಯ ಬಾಗಿಲು ತೆರೆದು ರಾಜಲಕ್ಷ್ಮಮ್ಮ ಒಳಗೆ ಹೋದಳು. ಗ್ಯಾಸ್ ಒಲೆಯ ಒಂದು ಕಡೆಯ ಗುಂಡಿ ಹಿಂದಿನ ದಿನ ಪೂರ್ತಿ ತಿರುಗಿರಲಿಲ್ಲ; ಗ್ಯಾಸ್ ಸೋರುತ್ತಿತ್ತು. ಕಿಟಕಿ ಮುಚ್ಚಿತ್ತು. ಅವಳು ಅಕ್ಕಿ ತೊಳೆದಳು, ಪಾತ್ರೆ ಇಟ್ಟಳು, ಲೈಟರ್ ಕೈಗೆ ತೆಗೆದುಕೊಂಡಳು. ಆಗ ಬಾಗಿಲಿಗೆ ಬಂದ ಪೆದ್ದಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಓಡಿ ಬಂದು ಅವಳ ಮಣಿಕಟ್ಟನ್ನು ಹಿಡಿದಳು. ಬಳೆ ಒಡೆದು ಚುಚ್ಚಿತು. ಪಕ್ಕದ ಕೋಣೆಯಲ್ಲಿ ಒಂದನೇ ತರಗತಿಯ ಮಕ್ಕಳು ಪ್ರಾರ್ಥನೆಗೆ ಸಾಲು ಕಟ್ಟುತ್ತಿದ್ದರು.

ವೆಂಕಟರಾಮಯ್ಯ ಒಳ್ಳೆಯ ಮನುಷ್ಯ. ಮಧ್ಯಾಹ್ನ ಆಫೀಸಿಗೆ ಕರೆಸಿ, ಬಾಗಿಲು ಹಾಕಿಸಿ, "ಕಣ್ಣು ಮುಚ್ಚಿಕೊಳ್ಳಮ್ಮ" ಎಂದರು. ಮೇಜಿನ ಮೇಲೆ ಎರಡು ಲೋಟ ಇಟ್ಟದ್ದು ಅವಳಿಗೆ ಕೇಳಿಸಿತು. ಒಂದನ್ನು ಮೂಗಿನ ಹತ್ತಿರ ತಂದರು.

"ಇದೇನು ಹೇಳು."

ಅವಳು ಉಸಿರು ಎಳೆದಳು. ಏನೂ ಇಲ್ಲ. ಊಹಿಸಿ, "ಮಜ್ಜಿಗೆ ಸಾರ್" ಎಂದಳು.

"ಇದು?"

ಇನ್ನೂ ಆಳಕ್ಕೆ ಎಳೆದಳು. "ನೀರು."

ಕಣ್ಣು ಬಿಟ್ಟಾಗ ಮೊದಲ ಲೋಟದಲ್ಲಿ ಕಕ್ಕಸಿಗೆ ಹಾಕುವ ಫಿನಾಯಿಲ್ ಇತ್ತು. ಎರಡನೆಯದರಲ್ಲಿ ಮೂರು ದಿನದ ಹುಳಿ ಮಜ್ಜಿಗೆ, ಮೇಲೆ ಬೂಷ್ಟು. ಗೋಡೆಗೆ ಒರಗಿ ನಿಂತಿದ್ದ ಪೆದ್ದಮ್ಮ ಅಳುತ್ತಿದ್ದಳು. ಲೋಟ ತುಂಬಿ ತಂದವಳೂ ಅವಳೇ.

"ನೂರಿಪ್ಪತ್ತು ಮಕ್ಕಳಮ್ಮ" ಎಂದರು ವೆಂಕಟರಾಮಯ್ಯ. "ನಾನೇನು ಮಾಡ್ಲಿ ಹೇಳು."

ಮಾರನೆಯ ದಿನದಿಂದ ಪೆದ್ದಮ್ಮ ಮುಖ್ಯ ಅಡುಗೆಯವಳಾದಳು. ರಾಜಲಕ್ಷ್ಮಮ್ಮ ತರಕಾರಿ ಹೆಚ್ಚುವುದಕ್ಕೂ ಪಾತ್ರೆ ತೊಳೆಯುವುದಕ್ಕೂ ಉಳಿದಳು. ಒಲೆಯ ಹತ್ತಿರ ಹೋಗುವ ಹಾಗಿರಲಿಲ್ಲ.

ಇಷ್ಟರಲ್ಲಿ ತಿಮ್ಮರಾಜುವಿಗೆ ಆ ಭಾನುವಾರ ಒಂದು ಕಥೆಯಾಗಿತ್ತು. ಮದುವೆಮನೆಯಲ್ಲಿ, ಅರಳಿಕಟ್ಟೆಯಲ್ಲಿ, ಮನೆಗೆ ಬಂದ ನೆಂಟರ ಮುಂದೆ ಹೇಳುತ್ತಿದ್ದ. ಬಂಕಿನವನ ಧ್ವನಿ ಬೇರೆ, ತನ್ನ ಧ್ವನಿ ಬೇರೆ ಮಾಡಿ ಹೇಳುತ್ತಿದ್ದ. ಖಾಲಿ ಸೀಟನ್ನು ಕೈಯಲ್ಲಿ ತಡಕಿದ್ದನ್ನು ಮಾಡಿ ತೋರಿಸುತ್ತಿದ್ದ. "ವಾಪಸ್ ಹೋಗಿ ನೋಡ್ತೀನಿ, ಡಬ್ಬಿ ಐತೆ, ಹೆಂಡ್ತಿ ಇಲ್ಲ" ಎನ್ನುವಲ್ಲಿಗೆ ಬಂದಾಗ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹರ್ಷಿತಾಳೂ ಮೊದಮೊದಲು ನಕ್ಕಿದ್ದಳು. ರಾಜಲಕ್ಷ್ಮಮ್ಮ ಕಾಫಿ ಲೋಟಗಳನ್ನು ಹಂಚುತ್ತಿದ್ದಳು. ನಕ್ಕವರು ಲೋಟ ತೆಗೆದುಕೊಂಡು, "ಹೌದೇನಮ್ಮ, ಇಂಗಾಯ್ತಾ?" ಎಂದು ಅವಳನ್ನೇ ಕೇಳುತ್ತಿದ್ದರು.

ಮನೆಯಲ್ಲಿ ಉಪ್ಪು ಹೆಚ್ಚು, ಹುಳಿ ಕಡಿಮೆ ಎಂದು ಅವನು ತಟ್ಟೆ ತಳ್ಳುವುದು ಶುರುವಾಯಿತು. ಒಂದು ದಿನ ಹಿಂದಿನ ದಿನದ ಸಾರು ಹಳಸಿದ್ದು ತಿಳಿಯದೆ ಬಡಿಸಿದಾಗ ತಟ್ಟೆಯನ್ನೇ ಬಚ್ಚಲಿಗೆ ಎಸೆದ. ಆಮೇಲೆ ಪಾವಗಡದ ಹೋಟೆಲಿನಲ್ಲಿ ತಿಂದು ಬರುವುದೇ ಅಭ್ಯಾಸ ಮಾಡಿಕೊಂಡ.

ವರ್ಷ ಕಳೆಯಿತು. ವಾಸನೆ ಬರಲಿಲ್ಲ.

ಅದರ ಮುಂದಿನ ಮಾರ್ಚಿನಲ್ಲಿ ಕಂಪನಿಯವರು ಸುರಕ್ಷತಾ ಸಪ್ತಾಹ ಮಾಡಿದರು. ಐದು ವರ್ಷ ಒಂದೂ ಅಪಘಾತ ಇಲ್ಲದೆ ಗಾಡಿ ಓಡಿಸಿದವರಿಗೆ ಶಾಲು, ಪ್ರಶಸ್ತಿ ಪತ್ರ. ತಿಮ್ಮರಾಜುವಿನ ಹೆಸರು ಪಟ್ಟಿಯಲ್ಲಿತ್ತು. ಸಂಸಾರ ಸಮೇತ ಬರಬೇಕೆಂದು ಹೇಳಿದ್ದರು.

"ನಾನು ಬಿದ್ದಿದ್ದು?" ಎಂದು ಕೇಳಿದಳು ರಾಜಲಕ್ಷ್ಮಮ್ಮ.

"ಗಾಡಿ ಬಿದ್ದಿಲ್ವಲ್ಲೇ. ನೀನು ಬಿದ್ದಿದ್ದು" ಎಂದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಅವಳು ಬೆಳಿಗ್ಗೆ ಬಸ್ಸಿನಲ್ಲಿ ಪಾವಗಡಕ್ಕೆ ಹೋಗಿ, ಅಲ್ಲಿಂದ ಕಂಪನಿಯ ವ್ಯಾನಿನಲ್ಲಿ ತಿರುಮಣಿ ತಲುಪಿದಳು. ಶಾಮಿಯಾನದ ಸುತ್ತ ಕಣ್ಣು ಹಾಯುವವರೆಗೂ ಗಾಜಿನ ಹಲಗೆಗಳು, ಬಿಸಿಲು. ಶಾಲು ಹೊದಿಸಿದ ಮೇಲೆ ತಿಮ್ಮರಾಜು ಮೈಕು ಹಿಡಿದ. ಎರಡು ಮಾತು ಸುರಕ್ಷತೆಯ ಬಗ್ಗೆ ಹೇಳಿ, ಜನ ಆಕಳಿಸುವುದನ್ನು ನೋಡಿ, ಡಬ್ಬಿಯ ಕಥೆ ಶುರು ಮಾಡಿದ. ಶಾಮಿಯಾನವೆಲ್ಲ ನಕ್ಕಿತು. ಹೊರಗಿನ ಊರಿಂದ ಬಂದಿದ್ದ ಸೇಫ್ಟಿ ಆಫೀಸರ್ ಒಬ್ಬನೇ ನಗದೆ ಕೂತಿದ್ದ. ಕಥೆ ಮುಗಿದ ಮೇಲೆ ಅವನು ಎದ್ದು, "ಅವರು ಬಂದಿದ್ದಾರಾ? ಅಮ್ಮಾ, ನೀವೂ ಎರಡು ಮಾತು ಹೇಳಿ" ಎಂದ.

ರಾಜಲಕ್ಷ್ಮಮ್ಮ ಮೈಕು ಹಿಡಿದವಳಲ್ಲ. ಅದು ಕೈಗೆ ಬಂದಾಗ ತನ್ನ ಉಸಿರೇ ದೊಡ್ಡದಾಗಿ ಕೇಳಿ ಬೆದರಿದಳು. ಆದರೂ ಹೇಳಿದಳು.

"ನನ್ನ ತಲೆ ಮ್ಯಾಲೆ ಅವತ್ತು ಏನೂ ಇರ್ಲಿಲ್ಲ. ಇವ್ರಿಗೆ ನೀವು ಬಹುಮಾನ ಕೊಟ್ಟಿದ್ದ ಹೆಲ್ಮೆಟ್ಟು ಬೀರು ಮ್ಯಾಲಿತ್ತು. ಕೇಳಿದ್ದೆ, ಕೊಡ್ಲಿಲ್ಲ. ಹಿಡ್ಕಳಾಕೆ ಕಂಬಿನೂ ಇರ್ಲಿಲ್ಲ. ನಾನು ಅಡುಗೆಯವ್ಳು. ಈಗ ನಂಗೆ ಹಳಸಿದ್ದು ಯಾವ್ದು, ಹೊಸದು ಯಾವ್ದು ಗೊತ್ತಾಗಲ್ಲ. ಮಕ್ಕಳಿಗೆ ಬೆಂಕಿ ಹಚ್ಬುಡ್ತಿದ್ದೆ."

ಮೈಕು ವಾಪಸ್ ಕೊಟ್ಟಳು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಆಫೀಸರ್ ಮೇಜಿನ ಮೇಲಿದ್ದ ಹೊಸ ಹೆಲ್ಮೆಟ್ಟುಗಳಲ್ಲಿ ಒಂದನ್ನು ತೆಗೆದು ಅವಳ ಕೈಗಿಟ್ಟ. ಕೊಟ್ಟ ಶಾಲನ್ನು ಯಾರೂ ವಾಪಸ್ ಕೇಳಲಿಲ್ಲ. ಮುಂದಿನ ಹೆಸರು ಕೂಗಿದರು.

ಊಟದ ಹೊತ್ತಿಗೆ ವ್ಯಾನು ಹೊರಟುಹೋಗಿತ್ತು. ತಿಮ್ಮರಾಜು ಗಾಡಿ ತಂದು ಅವಳ ಮುಂದೆ ನಿಲ್ಲಿಸಿದ. ಮುಖದಲ್ಲಿ ಸಿಟ್ಟು ಕಾಣಲಿಲ್ಲ.

"ಹತ್ತು. ಈಗ ಹೆಲ್ಮೆಟ್ ಐತಲ್ಲ."

ಅವಳು ಹಾಕಿಕೊಂಡು, ಈ ಸಲ ಎರಡೂ ಕಡೆ ಕಾಲು ಹಾಕಿ ಕೂತಳು. ಊರು ದಾಟುವ ತನಕ ಅವನು ನಿಧಾನವಾಗಿಯೇ ಓಡಿಸಿದ. ಮೊದಲ ಹಂಪು ಬಂದಾಗ ಗಾಡಿಯ ವೇಗ ಇಳಿಯಲಿಲ್ಲ, ಏರಿತು. ಇಬ್ಬರೂ ಸೀಟಿನಿಂದ ಎಗರಿ ಕೆಳಗೆ ಬಡಿದರು. ಅವಳು ಅವನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದಳು.

"ನಿಧಾನಕ್ಕೆ ಹೋಗ್ರೀ."

ಎರಡನೆಯ ಹಂಪು. ಇನ್ನೂ ಜೋರು. ಬೆನ್ನುಮೂಳೆ ತಲೆಯವರೆಗೂ ಜುಮ್ಮೆಂದಿತು.

"ತಪ್ಪಾಯ್ತು, ನಿಲ್ಸಿ."

"ಯಾಕೆ? ಆಫೀಸರ್ ಕೊಟ್ಟವ್ನಲ್ಲ, ಗಟ್ಟಿ ಐತೋ ಇಲ್ವೋ ನೋಡೋಣ ಇರು" ಎಂದ. ಮದುವೆಮನೆಯಲ್ಲಿ ಕಥೆ ಹೇಳುವಾಗಿನ ಧ್ವನಿಯೇ ಅದು. ರಸ್ತೆಯಲ್ಲಿ ಹಂಪಿಲ್ಲದ ಕಡೆ ಗುಂಡಿ ಹುಡುಕಿ ಹುಡುಕಿ ಇಳಿಸಿದ. ಇಪ್ಪತ್ತು ವರ್ಷ ತಾನು ಯಾರ ಹಿಂದೆ ಕೂತಿದ್ದೆ ಎನ್ನುವುದು ಆ ಹತ್ತು ಹದಿನೈದು ನಿಮಿಷದಲ್ಲಿ ಅವಳಿಗೆ ಮನದಟ್ಟಾಯಿತು. ಅದು ಗೊತ್ತಾದ ಮೇಲೆ ಹೆದರಿಕೆ ಕಡಿಮೆಯಾಯಿತು.

ಪಾವಗಡಕ್ಕೆ ಮೊದಲು ಕುರಿ ಮಂದೆ ರಸ್ತೆಗೆ ಅಡ್ಡ ಬಂತು. ತಿಮ್ಮರಾಜು ಬೈದುಕೊಂಡು ಗಾಡಿ ನಿಲ್ಲಿಸಿದ. ರಾಜಲಕ್ಷ್ಮಮ್ಮ ಕಾಲು ಎತ್ತಿ ಇಳಿದಳು.

"ಲೇ, ಹತ್ತೇ."

ಅವಳು ಕುರಿಗಳ ನಡುವೆ ದಾರಿ ಮಾಡಿಕೊಂಡು ನಡೆದಳು. ಅವನು ಎರಡು ಸಲ ಹಾರನ್ ಹೊಡೆದ. ಆಮೇಲೆ ಅವಳ ಪಕ್ಕದಲ್ಲೇ ಧೂಳೆಬ್ಬಿಸಿಕೊಂಡು ಹೋದ. ಅವಳು ಬಿಸಿಲಲ್ಲಿ ಒಂದು ಗಂಟೆ ನಡೆದು ಪಾವಗಡದ ಬಸ್ ಸ್ಟ್ಯಾಂಡ್ ಮುಟ್ಟಿದಳು. ಮಧುಗಿರಿ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮಿಡಿಗೇಶಿಯವರೆಗೂ ಕಂಬಿ ಹಿಡಿದು ನಿಂತೇ ಬಂದಳು.

ಮನೆ ಮುಟ್ಟುವ ಹೊತ್ತಿಗೆ ಜಗುಲಿಯಲ್ಲಿ ನಾಲ್ಕೈದು ಜನ ಕೂತಿದ್ದರು. ತಿಮ್ಮರಾಜು ಹೊಸ ಕಥೆ ಹೇಳುತ್ತಿದ್ದ. "ಹೋದ್ಸಲ ಬಿದ್ಲು, ಈ ಸಲ ಇಳಿದ್ಲು. ನನ್ನ ಗಾಡಿ ಮ್ಯಾಲೆ ಇವ್ಳು ನಿಲ್ಲಾಕಿಲ್ಲ ಕಣ್ರಲಾ." ಅವರು ನಕ್ಕರು. ರಾಜಲಕ್ಷ್ಮಮ್ಮ ಒಳಗೆ ಹೋಗಿ ಕಾಲು ತೊಳೆದುಕೊಂಡು ಮಲಗಿದಳು. ಕಾಫಿ ಎಂದು ಅವನು ಎರಡು ಸಲ ಕೂಗಿದ. ಹರ್ಷಿತಾ ಎದ್ದು ಹೋಗಿ ಮಾಡಿಕೊಟ್ಟಳು.

ಅಂದಿನಿಂದ ಇಂದಿನವರೆಗೂ ಅವಳು ಅವನ ಹಿಂದೆ ಕೂತಿಲ್ಲ. ಕೊರಟಗೆರೆಗೆ ಹೋಗುವುದಾದರೂ ಬಸ್ಸು, ಸಾವಿಗೆ ಹೋಗುವುದಾದರೂ ಬಸ್ಸು. ಬಸ್ಸಿಲ್ಲದ ಕಡೆ ನಡಿಗೆ. ಗಂಡನನ್ನು ಬಿಟ್ಟವಳು ಎಂದು ಅರ್ಧ ಊರು, ತಲೆಗೆ ಪೆಟ್ಟು ಬಿದ್ದು ಬುದ್ಧಿ ಕೆಟ್ಟಿದೆ ಎಂದು ಇನ್ನರ್ಧ ಊರು ಮಾತಾಡಿಕೊಳ್ಳುತ್ತದೆ. ತಿಮ್ಮರಾಜು ಈಗಲೂ ಬೆಳಿಗ್ಗೆ ಗೇಟಿನ ಒಳಗೆ ಮುಂದೆ ನಿಂತು ಪ್ರತಿಜ್ಞೆ ಹೇಳಿಕೊಡುತ್ತಾನೆ. ಅವನ ಗಾಡಿಗೆ ಇಂದಿಗೂ ಒಂದು ಗೀರು ಬಿದ್ದಿಲ್ಲ.

ಹೋದ ಜೂನ್‌ನಲ್ಲಿ ಹರ್ಷಿತಾಳಿಗೆ ಪಾವಗಡದಲ್ಲಿ ಕಾಲೇಜು ಶುರುವಾಯಿತು. ಮೊದಲ ದಿನವೇ ಬಸ್ಸು ಕೈಕೊಟ್ಟಿತು. "ಬಾ, ಬುಟ್ಟೋಯ್ತೀನಿ" ಎಂದ ತಿಮ್ಮರಾಜು. ರಾಜಲಕ್ಷ್ಮಮ್ಮ ಹೊಸಿಲ ಮೇಲೆ ನಿಂತಿದ್ದಳು. ಹರ್ಷಿತಾ ಒಳಗೆ ಹೋಗಿ ಅಮ್ಮನ ಹೆಲ್ಮೆಟ್ ಹಾಕಿಕೊಂಡು, ಗದ್ದದ ಕೆಳಗೆ ಪಟ್ಟಿ ಬಿಗಿದುಕೊಂಡು ಬಂದಳು. ಗಾಡಿ ಹತ್ತದೆ ನಿಂತು, "ಹಂಪು ಬಂದ್ರೆ ನಿಧಾನ ಮಾಡ್ಬೇಕು. ಇಲ್ದಿದ್ರೆ ನಾನೂ ಅಲ್ಲೇ ಇಳೀತೀನಿ" ಎಂದಳು.

ತಿಮ್ಮರಾಜು ನಗಲು ನೋಡಿದ. "ಏನವ್ವ, ನಿಂಗೂ ನಿಮ್ಮಪ್ಪನ ಮ್ಯಾಲೆ ನಂಬಿಕೆ ಇಲ್ವಾ?"

"ಇಲ್ಲಪ್ಪ" ಎಂದಳು ಹರ್ಷಿತಾ.

ಅವನು ಪೆಟ್ರೋಲ್ ಟ್ಯಾಂಕನ್ನು ಅಂಗೈಯಲ್ಲಿ ಸವರಿದ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿದ. ಅವರು ತಿರುವು ದಾಟುವವರೆಗೂ ರಾಜಲಕ್ಷ್ಮಮ್ಮ ಅಲ್ಲಿಂದ ಅಲುಗಲಿಲ್ಲ. ಆಮೇಲೆ ಬಾಗಿಲಿಗೆ ಚಿಲಕ ಹಾಕಿ ಶಾಲೆಯ ಕಡೆಗೆ ನಡೆದಳು. ಅವತ್ತು ಕುಂಬಳಕಾಯಿ ಹೆಚ್ಚುವುದಿತ್ತು. ತಡವಾದರೆ ಪೆದ್ದಮ್ಮ ಬಯ್ಯುತ್ತಾಳೆ.